ಲೆಕ್ಕಪತ್ರ ಓದುವ ಬಗೆ: ಹಣಕಾಸಿನ ಹಿನ್ನೆಲೆಯಿಲ್ಲದ ಮ್ಯಾನೇಜರುಗಳಿಗೆ ಸಮಗ್ರ ಮಾರ್ಗದರ್ಶಿ

ಉತ್ಪಾದನೆ, ಮಾರಾಟ, ಸಿಬ್ಬಂದಿ ಅಥವಾ ತಂತ್ರಜ್ಞಾನ ವಿಭಾಗದಲ್ಲಿ ಚೆನ್ನಾಗಿ ಕೆಲಸ ಮಾಡಿ ಮ್ಯಾನೇಜರ್ ಹುದ್ದೆಗೆ ಬಂದವರಿಗೆ ಮೊದಲು ಎದುರಾಗುವ ತೊಡಕು ಬಹುಪಾಲು ಹಣಕಾಸಿನದೇ. ತಿಂಗಳ ಪರಿಶೀಲನಾ ಸಭೆಯಲ್ಲಿ ಅಂಕಿಗಳ ಹಾಳೆ ಮುಂದೆ ಬಂದಾಗ, ಮಾರಾಟ ಏರಿದೆಯೋ ಇಳಿದಿದೆಯೋ ಎಂಬಷ್ಟನ್ನು ನೋಡಿ ಪುಟ ಮಗುಚುವವರೇ ಹೆಚ್ಚು. ಲೆಕ್ಕ ಬರೆಯುವ ಕೆಲಸ ಲೆಕ್ಕಿಗರದು, ಅದು ಅವರಲ್ಲೇ ಇರಲಿ. ಆದರೆ ನೀವು ಕೈಗೊಳ್ಳುವ ತೀರ್ಮಾನವೊಂದು ಲಾಭದ ಮೇಲೆ ಒಂದು ಬಗೆಯಲ್ಲಿ, ಕೈಯಲ್ಲಿರುವ ನಗದಿನ ಮೇಲೆ ಮತ್ತೊಂದು ಬಗೆಯಲ್ಲಿ ಪರಿಣಾಮ ಬೀರುತ್ತದೆ ಎಂಬುದನ್ನು ಮುಂಚಿತವಾಗಿ ಅಂದಾಜು ಮಾಡುವುದು ನಿಮ್ಮ ಕೆಲಸ, ಅದನ್ನು ಬೇರೆ ಯಾರೂ ಮಾಡಿಕೊಡಲಾರರು. ಈ ಮಾರ್ಗದರ್ಶಿ ಆ ಅಂದಾಜನ್ನು ಕಲಿಸಲು ಯತ್ನಿಸುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸಲಾಗಿದೆ: ನೀರು ಶುದ್ಧಿ ಯಂತ್ರಗಳನ್ನು ತಯಾರಿಸುವ ಒಂದು ಕಾಲ್ಪನಿಕ ಕಂಪನಿ. ಮೊತ್ತಗಳೆಲ್ಲ ಲಕ್ಷಗಳಲ್ಲಿವೆ. ಯಾವ ನಾಣ್ಯವೆಂದು ಭಾವಿಸಿಕೊಂಡರೂ ಲೆಕ್ಕ ಬದಲಾಗುವುದಿಲ್ಲ.

ಹಂತ 1: ಬೇಕಾದ ಕಾಗದಗಳನ್ನು ಮೊದಲು ತರಿಸಿಕೊಳ್ಳಿ

ಓದಲು ಆರಂಭಿಸುವ ಮುನ್ನ ಲೆಕ್ಕಪತ್ರ ವಿಭಾಗದಿಂದ ಈ ಕಾಗದಗಳನ್ನು ಕೇಳಿ ಪಡೆಯಿರಿ: ಕಳೆದ ಎರಡು ವರ್ಷಗಳ ಲಾಭ-ನಷ್ಟ ಪಟ್ಟಿ, ಬ್ಯಾಲೆನ್ಸ್ ಶೀಟ್ (ಒಂದು ದಿನದ ಆಸ್ತಿ, ಹೊಣೆಗಳ ಪಟ್ಟಿ) ಮತ್ತು ನಗದು ಹರಿವಿನ ಪಟ್ಟಿ, ನಿಮ್ಮ ವಿಭಾಗದ ತಿಂಗಳವಾರು ಖರ್ಚಿನ ವರದಿ, ಗಿರಾಕಿಗಳಿಂದ ಬರಬೇಕಾದ ಹಣ ಎಷ್ಟು ದಿನಗಳಿಂದ ಬಾಕಿಯಿದೆ ಎಂಬುದನ್ನು ತೋರಿಸುವ ಪಟ್ಟಿ. ಒಂದೇ ವರ್ಷದ ಅಂಕಿಯಿಂದ ಹೆಚ್ಚೇನೂ ತಿಳಿಯದು, ಎರಡು ವರ್ಷಗಳದ್ದನ್ನು ಅಕ್ಕಪಕ್ಕ ಇಟ್ಟುಕೊಂಡರೆ ಮಾತ್ರ ಪ್ರಶ್ನೆಗಳು ಹುಟ್ಟುತ್ತವೆ. ಯಾವ ಖರ್ಚನ್ನು ಯಾವ ಬಾಬ್ತಿಗೆ ಹಾಕುತ್ತಾರೆ ಎಂಬ ಖಾತೆಗಳ ಪಟ್ಟಿಯನ್ನೂ ಕೇಳಿ. ವಿಭಾಗಗಳ ನಡುವಿನ ಅರ್ಧದಷ್ಟು ಜಗಳಗಳು ಖರ್ಚು ಹೆಚ್ಚಾದದ್ದರಿಂದ ಹುಟ್ಟುವುದಿಲ್ಲ, ಅದು ತಪ್ಪು ಬಾಬ್ತಿಗೆ ಬಿದ್ದದ್ದರಿಂದ ಹುಟ್ಟುತ್ತವೆ.

ಹಂತ 2: ಒಂದು ಸಮೀಕರಣವನ್ನು ಮನದಟ್ಟು ಮಾಡಿಕೊಳ್ಳಿ

ಆಸ್ತಿ = ಹೊಣೆ + ಮಾಲೀಕರ ಪಾಲು. ಸಂಸ್ಥೆಯ ಬಳಿ ಇರುವುದೆಲ್ಲ ಒಂದೋ ಹೊರಗಿನವರಿಗೆ ಕೊಡಬೇಕಾದ ಹಣದಿಂದ ಬಂದಿರುತ್ತದೆ, ಇಲ್ಲವೇ ಮಾಲೀಕರು ಹಾಕಿದ ಅಥವಾ ಸಂಸ್ಥೆಯಲ್ಲೇ ಉಳಿಸಿದ ಹಣದಿಂದ ಬಂದಿರುತ್ತದೆ. ಆದ್ದರಿಂದ ಪ್ರತಿ ವ್ಯವಹಾರವೂ ಕನಿಷ್ಠ ಎರಡು ಕಡೆ ದಾಖಲಾಗುತ್ತದೆ. ಸಾಲ ತಂದು ಯಂತ್ರ ಕೊಂಡರೆ ಆಸ್ತಿಯೂ ಹೊಣೆಯೂ ಒಟ್ಟಿಗೆ ಏರುತ್ತವೆ. ನಗದು ಕೊಟ್ಟು ಕೊಂಡರೆ ಒಂದು ಆಸ್ತಿ ಇಳಿದು ಇನ್ನೊಂದು ಏರುತ್ತದೆ. ಬಾಡಿಗೆ ಕಟ್ಟಿದರೆ, ಖರ್ಚು ಲಾಭವನ್ನು ತಗ್ಗಿಸುವುದರಿಂದ, ನಗದೂ ಮಾಲೀಕರ ಪಾಲೂ ಒಟ್ಟಿಗೆ ಇಳಿಯುತ್ತವೆ.

ಈ ಜೋಡಿ ನಮೂದು ಪದ್ಧತಿಯನ್ನು ಇಟಲಿಯ ವರ್ತಕರು ಬಹುಕಾಲದಿಂದ ಬಳಸುತ್ತಿದ್ದರು. ಲೂಕಾ ಪಾಚೋಲಿ ಎಂಬ ಗಣಿತಜ್ಞ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದನ್ನು ಕ್ರಮವಾಗಿ ವಿವರಿಸಿದ. ಡೆಬಿಟ್, ಕ್ರೆಡಿಟ್‌ಗಳ ನಿಯಮವನ್ನು ಮ್ಯಾನೇಜರ್ ಬಾಯಿಪಾಠ ಮಾಡಬೇಕಾಗಿಲ್ಲ. ಯಾವುದೇ ಪ್ರಸ್ತಾವ ಬಂದಾಗ "ಇದರ ಎರಡನೆಯ ನಮೂದು ಎಲ್ಲಿ ಬೀಳುತ್ತದೆ?" ಎಂದು ಕೇಳುವ ಅಭ್ಯಾಸವಾದರೆ ಸಾಕು.

ಹಂತ 3: ಲಾಭ-ನಷ್ಟ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ

ನಮ್ಮ ಕಂಪನಿಯ ಈ ವರ್ಷದ ಪಟ್ಟಿ ಹೀಗಿದೆ:

ಮಾರಾಟ: 1,200
ಮಾರಾಟವಾದ ಸರಕಿನ ವೆಚ್ಚ: 780
ಒಟ್ಟು ಲಾಭ: 420
ಸಂಬಳ, ಬಾಡಿಗೆ, ಪ್ರಚಾರ ಇತ್ಯಾದಿ: 260
ಸವಕಳಿ (ಯಂತ್ರಗಳ ಬೆಲೆಯಲ್ಲಿ ಈ ವರ್ಷದ ಪಾಲು): 40
ಕಾರ್ಯಾಚರಣೆಯ ಲಾಭ: 120
ಬಡ್ಡಿ: 20
ತೆರಿಗೆ: 25
ನಿವ್ವಳ ಲಾಭ: 75

ಇಲ್ಲಿ ಲಾಭ ಎಂಬ ಮಾತು ಮೂರು ಸಲ ಬಂದಿದೆ, ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಸರಕನ್ನು ತಯಾರಿಸುವ ವೆಚ್ಚಕ್ಕೂ ಅದರ ಬೆಲೆಗೂ ನಡುವೆ ಎಷ್ಟು ಉಳಿಯುತ್ತದೆ ಎಂಬುದನ್ನು ಒಟ್ಟು ಲಾಭ ಹೇಳುತ್ತದೆ. ಸಂಸ್ಥೆಯನ್ನು ನಡೆಸುವ ಎಲ್ಲ ಖರ್ಚು ಕಳೆದ ಮೇಲೆ ವ್ಯಾಪಾರ ತನ್ನ ಕಾಲ ಮೇಲೆ ನಿಂತಿದೆಯೇ ಎಂಬುದು ಕಾರ್ಯಾಚರಣೆಯ ಲಾಭದಿಂದ ತಿಳಿಯುತ್ತದೆ. ನಿವ್ವಳ ಲಾಭದಲ್ಲಿ ಸಾಲದ ಪ್ರಮಾಣ ಮತ್ತು ತೆರಿಗೆಯ ಪ್ರಭಾವವೂ ಸೇರಿಕೊಂಡಿರುವುದರಿಂದ ವಿಭಾಗದ ಮ್ಯಾನೇಜರೊಬ್ಬರ ಕೆಲಸವನ್ನು ಅದರಿಂದ ಅಳೆಯುವುದು ನ್ಯಾಯವಲ್ಲ. ನಿಮ್ಮನ್ನು ಯಾವ ಲಾಭದಿಂದ ಅಳೆಯುತ್ತಾರೆ ಎಂಬುದನ್ನು ವರ್ಷದ ಆರಂಭದಲ್ಲೇ ಕೇಳಿ ತಿಳಿದುಕೊಳ್ಳುವುದು ಜಾಣತನ.

ಮೊತ್ತಗಳನ್ನು ಶೇಕಡಾವಾರು ಮಾಡಿಕೊಂಡು ನೋಡಿ. ಈ ವರ್ಷ ಒಟ್ಟು ಲಾಭ ಮಾರಾಟದ ಶೇ 35. ಹಿಂದಿನ ವರ್ಷ 1,000 ಮಾರಾಟಕ್ಕೆ 640 ವೆಚ್ಚವಾಗಿ ಶೇ 36 ಉಳಿದಿತ್ತು. ಮಾರಾಟ ಶೇ 20ರಷ್ಟು ಬೆಳೆದ ಸಂಭ್ರಮದಲ್ಲಿ ಈ ಒಂದು ಅಂಶ ಕಣ್ಣಿಗೆ ಬೀಳುವುದಿಲ್ಲ. ಆದರೆ ಹಿಂದಿನ ವರ್ಷದ ಮಟ್ಟ ಉಳಿದಿದ್ದರೆ 12 ಲಕ್ಷ ಹೆಚ್ಚು ಲಾಭ ಬರುತ್ತಿತ್ತು. ಅದು ರಿಯಾಯಿತಿಯಿಂದ ಹೋಯಿತೋ, ಕಚ್ಚಾವಸ್ತುವಿನ ಬೆಲೆಯಿಂದಲೋ, ಕಡಿಮೆ ಲಾಭದ ಮಾದರಿಗಳೇ ಹೆಚ್ಚು ಮಾರಾಟವಾದದ್ದರಿಂದಲೋ ಎಂದು ಹುಡುಕುವುದು ಮುಂದಿನ ಕೆಲಸ.

ಹಂತ 4: ಯಾವುದು ಯಾವ ಅವಧಿಗೆ ಸೇರುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳಿ

ಹಣಕಾಸು ಗೊತ್ತಿಲ್ಲದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಲಾಭ-ನಷ್ಟ ಪಟ್ಟಿಯಲ್ಲಿ ಆದಾಯ ಬರುವುದು ಹಣ ಕೈಸೇರಿದಾಗಲ್ಲ, ಸರಕು ಅಥವಾ ಸೇವೆ ಗಿರಾಕಿಯ ವಶಕ್ಕೆ ಹೋದಾಗ. 2018ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ತಿರುಳೂ ಇದೇ. ಗಿರಾಕಿಯೊಬ್ಬರು ಒಂದು ವರ್ಷದ ನಿರ್ವಹಣಾ ಒಪ್ಪಂದಕ್ಕೆ 12 ಲಕ್ಷ ಮುಂಗಡ ಕೊಟ್ಟರೆ, ಆ ದಿನ ನಗದು 12 ಏರುತ್ತದೆ, ಆದರೆ ತಿಂಗಳಿಗೆ 1ರಂತೆ ಮಾತ್ರ ಆದಾಯವಾಗುತ್ತದೆ. ಸೇವೆ ಕೊಡುವವರೆಗೆ ಉಳಿದದ್ದು ಹೊಣೆ.

ಖರ್ಚಿಗೂ ಇದೇ ನಿಯಮ. ಮಾರ್ಚ್‌ನಲ್ಲಿ ಕೆಲಸ ಮಾಡಿದ ಗುತ್ತಿಗೆದಾರ ಮೇ ತಿಂಗಳಲ್ಲಿ ಬಿಲ್ ಕಳುಹಿಸಿದರೂ ಖರ್ಚು ಮಾರ್ಚ್‌ನದೇ. ಬಿಲ್ ಬಾರದ ಕೆಲಸ ನಡೆದಿದೆ ಎಂಬುದು ಲೆಕ್ಕಪತ್ರ ವಿಭಾಗಕ್ಕೆ ತಾನಾಗಿ ಗೊತ್ತಾಗುವುದಿಲ್ಲವಾದ್ದರಿಂದ, ತಿಂಗಳ ಕೊನೆಯಲ್ಲಿ ಇಂಥ ಕೆಲಸಗಳ ಪಟ್ಟಿಯನ್ನು ನೀವೇ ಕಳುಹಿಸಬೇಕು. ಇದೊಂದನ್ನು ತಪ್ಪದೆ ಮಾಡಿದರೆ, ಒಂದು ತಿಂಗಳು ಖರ್ಚು ತೀರಾ ಕಡಿಮೆ, ಮರುತಿಂಗಳು ವಿಪರೀತ ಎಂಬ ಏರುಪೇರು ನಿಮ್ಮ ವರದಿಯಿಂದ ಬಹುಪಾಲು ಮಾಯವಾಗುತ್ತದೆ.

ಮೂರನೆಯದು ಖರ್ಚು ಮತ್ತು ಬಂಡವಾಳ ವೆಚ್ಚದ ನಡುವಿನ ಗೆರೆ. ಹಲವು ವರ್ಷ ಬಳಕೆಗೆ ಬರುವ ಯಂತ್ರಕ್ಕೆ ಕೊಟ್ಟ ಹಣವನ್ನು ಮೊದಲು ಆಸ್ತಿಯೆಂದು ತೋರಿಸಿ, ನಂತರ ಅದರ ಬಾಳಿಕೆಯ ಉದ್ದಕ್ಕೂ ಸವಕಳಿಯಾಗಿ ಹಂಚುತ್ತಾರೆ. 100 ಲಕ್ಷದ ಯಂತ್ರ ಹತ್ತು ವರ್ಷ ಬಾಳುವುದಾದರೆ ವರ್ಷಕ್ಕೆ 10 ಮಾತ್ರ ಲಾಭದಿಂದ ಕಳೆಯುತ್ತದೆ. ಅದೇ ಯಂತ್ರದ ದುರಸ್ತಿಗೆ ಕೊಟ್ಟದ್ದು ಪೂರ್ತಿಯಾಗಿ ಆ ವರ್ಷದ ಖರ್ಚು. ಈ ಗೆರೆಯನ್ನು ಸರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್ ಸಾಕ್ಷಿ. ಇತರ ಕಂಪನಿಗಳ ಜಾಲವನ್ನು ಬಳಸಿದ್ದಕ್ಕೆ ಕೊಡುತ್ತಿದ್ದ ದಿನನಿತ್ಯದ ಶುಲ್ಕವನ್ನು ಅದು ಬಂಡವಾಳ ವೆಚ್ಚವೆಂದು ಬರೆದುಕೊಂಡಿತ್ತು. 2001 ಮತ್ತು 2002ರ ಮೊದಲ ತ್ರೈಮಾಸಿಕದಲ್ಲಿ ಹೀಗೆ ಬರೆದ ಸುಮಾರು 380 ಕೋಟಿ ಡಾಲರ್ ಬಗ್ಗೆ 2002ರ ಜೂನ್‌ನಲ್ಲಿ ಕಂಪನಿಯೇ ಪ್ರಕಟಿಸಬೇಕಾಯಿತು, ಮರುತಿಂಗಳೇ ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಹೋದ ನಗದು ಹೋಗಿಯೇ ಇತ್ತು, ಲಾಭ ಮಾತ್ರ ಕಾಗದದ ಮೇಲೆ ಉಬ್ಬಿತ್ತು. ನಿಮ್ಮ ವಿಭಾಗದ ಬಜೆಟ್ ಮೀರುವಂತಿದ್ದಾಗ "ಇದನ್ನು ಬಂಡವಾಳ ವೆಚ್ಚಕ್ಕೆ ಹಾಕಿಬಿಡೋಣ" ಎಂದು ಯಾರಾದರೂ ಸಲಹೆ ಕೊಟ್ಟರೆ, ಆ ತೀರ್ಮಾನವನ್ನು ಲಿಖಿತ ನೀತಿಯ ಆಧಾರದ ಮೇಲೆ ಲೆಕ್ಕಪತ್ರ ವಿಭಾಗವೇ ಮಾಡಲಿ.

ಹಂತ 5: ಬ್ಯಾಲೆನ್ಸ್ ಶೀಟನ್ನು ಎರಡು ವರ್ಷಗಳ ಜೋಡಿಯಾಗಿ ಓದಿ

ಲಾಭ-ನಷ್ಟ ಪಟ್ಟಿ ಒಂದು ಅವಧಿಯದು, ಬ್ಯಾಲೆನ್ಸ್ ಶೀಟ್ ಒಂದು ದಿನದ್ದು. ನಮ್ಮ ಕಂಪನಿಯದು ಹೀಗಿದೆ (ಮೊದಲ ಅಂಕಿ ಹಿಂದಿನ ವರ್ಷದ ಕೊನೆಯದು, ಎರಡನೆಯದು ಈ ವರ್ಷದ ಕೊನೆಯದು):

ನಗದು: 80, 30
ಗಿರಾಕಿಗಳಿಂದ ಬರಬೇಕಾದ ಬಾಕಿ: 200, 300
ದಾಸ್ತಾನು: 150, 195
ಯಂತ್ರ ಮತ್ತಿತರ ಸ್ಥಿರ ಆಸ್ತಿ: 335, 375
ಒಟ್ಟು ಆಸ್ತಿ: 765, 900

ಪೂರೈಕೆದಾರರಿಗೆ ಕೊಡಬೇಕಾದ ಬಾಕಿ: 110, 130
ಬ್ಯಾಂಕ್ ಸಾಲ: 180, 220
ಮಾಲೀಕರ ಪಾಲು: 475, 550
ಒಟ್ಟು: 765, 900

ಮಾಲೀಕರ ಪಾಲು 75 ಏರಿರುವುದನ್ನು ಗಮನಿಸಿ. ಅದು ಈ ವರ್ಷದ ನಿವ್ವಳ ಲಾಭವೇ, ಹಂಚದೆ ಉಳಿಸಿಕೊಂಡದ್ದು. ಎರಡು ಪಟ್ಟಿಗಳೂ ಕೂಡುವುದು ಈ ಸಾಲಿನಲ್ಲಿ. ಇಲ್ಲಿರುವ ಎಲ್ಲ ಅಂಕಿಗಳೂ ಒಂದೇ ತೂಕದವಲ್ಲ ಎಂಬುದೂ ನೆನಪಿರಲಿ. ನಗದನ್ನು ಎಣಿಸಬಹುದು, ಆದರೆ ಬಾಕಿ ವಸೂಲಾಗುತ್ತದೆ ಎಂಬುದು ನಂಬಿಕೆ, ದಾಸ್ತಾನು ಆ ಬೆಲೆಗೆ ಮಾರಾಟವಾಗುತ್ತದೆ ಎಂಬುದು ಅಂದಾಜು, ಯಂತ್ರದ ಮೊತ್ತ ಕೊಂಡ ಬೆಲೆಯಿಂದ ಸವಕಳಿ ಕಳೆದ ಲೆಕ್ಕವೇ ಹೊರತು ಇಂದು ಮಾರಿದರೆ ಸಿಗುವ ಬೆಲೆಯಲ್ಲ. ನುರಿತ ನೌಕರರು, ಗಿರಾಕಿಗಳ ವಿಶ್ವಾಸ, ಸಂಸ್ಥೆ ತಾನೇ ಬೆಳೆಸಿದ ಹೆಸರು ಇವು ಯಾವುವೂ ಈ ಹಾಳೆಯಲ್ಲಿ ಕಾಣುವುದಿಲ್ಲ.

ಹಂತ 6: ಲಾಭವಿದ್ದೂ ನಗದು ಎಲ್ಲಿ ಹೋಯಿತು ಎಂದು ಹುಡುಕಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಓದಲು ಸಮಯವಿದ್ದರೆ ಇದನ್ನು ಓದಿ. ಕಂಪನಿ 75 ಲಾಭ ಮಾಡಿದೆ, ಮೇಲೆ 40 ಹೊಸ ಸಾಲವನ್ನೂ ತಂದಿದೆ. ಆದರೂ ಬ್ಯಾಂಕಿನಲ್ಲಿದ್ದ 80 ಇಳಿದು 30ಕ್ಕೆ ಬಂದಿದೆ. ಕಾಗದ ಪೆನ್ನು ಹಿಡಿದು ಈ ಲೆಕ್ಕವನ್ನು ನೀವೇ ಒಮ್ಮೆ ಬಿಡಿಸಿ.

ನಿವ್ವಳ ಲಾಭ 75ರಿಂದ ಆರಂಭಿಸಿ. ಸವಕಳಿ 40 ಲಾಭದಿಂದ ಕಳೆದಿದ್ದರೂ ಅದಕ್ಕಾಗಿ ಈ ವರ್ಷ ಯಾರಿಗೂ ಹಣ ಕೊಟ್ಟಿಲ್ಲ, ಹಾಗಾಗಿ ಅದನ್ನು ಮತ್ತೆ ಕೂಡಿಸಿ: 115. ಗಿರಾಕಿಗಳ ಬಾಕಿ 100 ಹೆಚ್ಚಾಗಿದೆ, ಅಂದರೆ ಮಾರಾಟವೆಂದು ಬರೆದುಕೊಂಡ 100 ಇನ್ನೂ ಕೈಗೆ ಬಂದಿಲ್ಲ. ಅದನ್ನು ಕಳೆದರೆ 15 ಉಳಿಯಿತು. ದಾಸ್ತಾನು 45 ಹೆಚ್ಚಾಗಿದೆ. ಆ ಹಣ ಗೋದಾಮಿನಲ್ಲಿ ಕುಳಿತಿದೆ, ಕಳೆದರೆ ಋಣ 30, ಅಂದರೆ ಸೊನ್ನೆಗಿಂತ 30 ಕಡಿಮೆ. ಪೂರೈಕೆದಾರರ ಬಾಕಿ 20 ಹೆಚ್ಚಾಗಿದೆ, ಅಂದರೆ ಅಷ್ಟನ್ನು ನಾವು ಇನ್ನೂ ಕೊಟ್ಟಿಲ್ಲ. ಕೂಡಿಸಿದರೆ ಋಣ 10. ಒಂದು ವರ್ಷ ಪೂರ್ತಿ ದುಡಿದು, 75 ಲಾಭ ತೋರಿಸಿ, ದಿನನಿತ್ಯದ ವ್ಯವಹಾರದಿಂದ ಕಂಪನಿ ಗಳಿಸಿದ ನಗದು ಸೊನ್ನೆಗಿಂತ 10 ಕಡಿಮೆ. ಇದರ ಮೇಲೆ ಹೊಸ ಯಂತ್ರಗಳಿಗೆ 80 ಹೋಯಿತು (335ಕ್ಕೆ 80 ಸೇರಿಸಿ 40 ಸವಕಳಿ ಕಳೆದರೆ 375), ಬ್ಯಾಂಕ್ ಸಾಲದಿಂದ 40 ಬಂತು. ಒಟ್ಟು ಇಳಿಕೆ 50. ಲೆಕ್ಕ ತಾಳೆಯಾಯಿತು.

ನಗದು ಹರಿವಿನ ಪಟ್ಟಿಯೆಂದರೆ ಇಷ್ಟೇ. ದಿನನಿತ್ಯದ ವ್ಯವಹಾರ, ಹೂಡಿಕೆ, ಸಾಲ ಮತ್ತು ಬಂಡವಾಳ ಎಂದು ಮೂರು ಭಾಗ ಮಾಡಿ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಅದು ತೋರಿಸುತ್ತದೆ. ಬೆಳೆಯುತ್ತಿರುವ ಕಂಪನಿಯಲ್ಲಿ ಮೊದಲ ಭಾಗ ಒಂದು ವರ್ಷ ಋಣವಾಗಿದ್ದರೆ ಗಾಬರಿಪಡಬೇಕಿಲ್ಲ. ವರ್ಷದಿಂದ ವರ್ಷಕ್ಕೆ ಲಾಭ ಏರುತ್ತ, ಈ ಭಾಗ ಮಾತ್ರ ಒಣಗುತ್ತ ಹೋದರೆ ಲಾಭದ ಗುಣಮಟ್ಟವನ್ನೇ ಸಂಶಯಿಸಬೇಕಾಗುತ್ತದೆ. ಬ್ರಿಟನ್ನಿನ ದೊಡ್ಡ ನಿರ್ಮಾಣ ಕಂಪನಿ ಕಾರಿಲಿಯನ್ 2016ರ ವರ್ಷಕ್ಕೂ ಲಾಭವನ್ನೇ ತೋರಿಸಿತ್ತು. 2017ರ ಜುಲೈನಲ್ಲಿ ಗುತ್ತಿಗೆಗಳ ಮೌಲ್ಯದಲ್ಲಿ 84.5 ಕೋಟಿ ಪೌಂಡ್ ಕಡಿತ ಮಾಡಬೇಕಾಯಿತೆಂದು ಪ್ರಕಟಿಸಿದ ಅದು 2018ರ ಜನವರಿಯಲ್ಲಿ ಮುಚ್ಚಿಹೋಯಿತು.

ಹಂತ 7: ದುಡಿಯುವ ಬಂಡವಾಳವನ್ನು ದಿನಗಳಲ್ಲಿ ಅಳೆಯಿರಿ

ಗಿರಾಕಿಗಳ ಬಾಕಿಯಲ್ಲೂ ದಾಸ್ತಾನಿನಲ್ಲೂ ಸಿಕ್ಕಿಕೊಂಡ ಹಣದಿಂದ ಪೂರೈಕೆದಾರರ ಬಾಕಿಯನ್ನು ಕಳೆದು ಉಳಿಯುವುದೇ ದುಡಿಯುವ ಬಂಡವಾಳ. ಗಿರಾಕಿಗಳ ಬಾಕಿ 300 ಎಂದರೆ ಹೆಚ್ಚೋ ಕಡಿಮೆಯೋ ತಿಳಿಯದು, ದಿನಗಳಿಗೆ ಇಳಿಸಿದರೆ ತಕ್ಷಣ ತಿಳಿಯುತ್ತದೆ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ: ಈ ವರ್ಷ 91 ದಿನ, ಹಿಂದಿನ ವರ್ಷ 73. ದಾಸ್ತಾನಿಗೂ ಪೂರೈಕೆದಾರರ ಬಾಕಿಗೂ ಮಾರಾಟದ ಬದಲು ಸರಕಿನ ವೆಚ್ಚವನ್ನು ಬಳಸಿ ಇದೇ ಲೆಕ್ಕ ಮಾಡಿದರೆ, ದಾಸ್ತಾನು 86ರಿಂದ 91 ದಿನಕ್ಕೆ ಏರಿದೆ, ಪೂರೈಕೆದಾರರಿಗೆ ಹಣ ಕೊಡುವ ಅವಧಿ 63ರಿಂದ 61ಕ್ಕೆ ಇಳಿದಿದೆ. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ, ಹಾಕಿದ ಹಣ ತಿರುಗಿ ಬರಲು ಬೇಕಾಗುವ ದಿನಗಳು ಸಿಗುತ್ತವೆ: ಹಿಂದಿನ ವರ್ಷ 96, ಈಗ 121.

ಇದರ ಬೆಲೆ ಏನು? ಕಂಪನಿಯ ಒಂದು ದಿನದ ಮಾರಾಟ ಸುಮಾರು 3.3 ಲಕ್ಷ. ಬಾಕಿ ವಸೂಲಿಯನ್ನು 73 ದಿನಗಳ ಹಳೆಯ ಮಟ್ಟಕ್ಕೆ ತಂದರೂ ಸುಮಾರು 60 ಲಕ್ಷ ನಗದು ಬಿಡುಗಡೆಯಾಗುತ್ತದೆ. ಈ ವರ್ಷ ತಂದ ಹೊಸ ಸಾಲ 40 ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ವಸೂಲಿ ತಡವಾಗಲು ಗಿರಾಕಿಯ ಕೆಟ್ಟ ಬುದ್ಧಿಯೇ ಕಾರಣವಾಗಿರುವುದಿಲ್ಲ. ಬಿಲ್ಲಿನಲ್ಲಿ ಖರೀದಿ ಆದೇಶದ ಸಂಖ್ಯೆ ತಪ್ಪಾಗಿರುವುದು, ಸರಕು ತಲುಪಿದ ರಸೀದಿಗೆ ಸಹಿ ಇಲ್ಲದಿರುವುದು, ಕೆಟ್ಟ ಒಂದು ಯಂತ್ರದ ದೂರು ಇತ್ಯರ್ಥವಾಗದೆ ಇಡೀ ಬಿಲ್ ನಿಂತಿರುವುದು, ತಿಂಗಳ ಕೊನೆಯವರೆಗೆ ಬಿಲ್ಲನ್ನೇ ಕಳುಹಿಸದಿರುವುದು, ಇಂಥ ಸಣ್ಣ ಸಂಗತಿಗಳೇ ಹೆಚ್ಚು. ಇವೆಲ್ಲ ಮಾರಾಟ, ಸಾಗಣೆ ಮತ್ತು ಸೇವಾ ವಿಭಾಗಗಳ ಕೈಯಲ್ಲಿವೆಯೇ ಹೊರತು ಲೆಕ್ಕಪತ್ರ ವಿಭಾಗದ ಕೈಯಲ್ಲಿಲ್ಲ. ಪೂರೈಕೆದಾರರಿಗೆ ತಡವಾಗಿ ಹಣ ಕೊಡುವುದು ಸುಲಭದ ದಾರಿಯಂತೆ ಕಂಡರೂ, ಅದರ ಬೆಲೆ ಮುಂದಿನ ದರಪಟ್ಟಿಯಲ್ಲಿ ಸೇರಿಕೊಂಡು ಬರುತ್ತದೆ.

ಹಂತ 8: ಅನುಪಾತಗಳನ್ನು ಮಿತವಾಗಿ ಬಳಸಿ

ಪುಸ್ತಕಗಳಲ್ಲಿ ಹತ್ತಾರು ಅನುಪಾತಗಳಿವೆ. ಮ್ಯಾನೇಜರಿಗೆ ಮಾಲೀಕರ ಬಂಡವಾಳದ ಮೇಲಿನ ಪ್ರತಿಫಲ ಒಂದನ್ನು ಬಿಡಿಸಿ ನೋಡಲು ಬಂದರೆ ಬಹಳಷ್ಟು ಸಾಧಿಸಿದಂತೆ. ನಮ್ಮ ಕಂಪನಿಯಲ್ಲಿ ಅದು 75 ಭಾಗಿಸು 550, ಅಂದರೆ ಶೇ 13.6. ಡ್ಯುಪಾಂಟ್ ಕಂಪನಿಯಲ್ಲಿ 20ನೇ ಶತಮಾನದ ಆರಂಭದಲ್ಲಿ ಬಳಕೆಗೆ ಬಂದು, ಅದರ ಹೆಸರಿನಿಂದಲೇ ಕರೆಯಲಾಗುವ ವಿಧಾನದಲ್ಲಿ ಇದನ್ನು ಮೂರಾಗಿ ಒಡೆಯಬಹುದು: ಮಾರಾಟದ ಮೇಲಿನ ನಿವ್ವಳ ಲಾಭ ಶೇ 6.25, ಆಸ್ತಿಯ ಮೇಲೆ ಮಾರಾಟ 1.33 ಪಟ್ಟು, ಮಾಲೀಕರ ಪಾಲಿಗೆ ಹೋಲಿಸಿದರೆ ಆಸ್ತಿ 1.64 ಪಟ್ಟು. ಮೂರನ್ನೂ ಗುಣಿಸಿದರೆ ಅದೇ 13.6 ಬರುತ್ತದೆ. ಪ್ರತಿಫಲ ಏರಿದ್ದು ವ್ಯಾಪಾರ ಸುಧಾರಿಸಿದ್ದರಿಂದಲೋ, ಬರೇ ಸಾಲ ಹೆಚ್ಚಿದ್ದರಿಂದಲೋ ಎಂಬುದು ಹೀಗೆ ಒಡೆದಾಗ ಬಯಲಾಗುತ್ತದೆ. ಅನುಪಾತಗಳನ್ನು ನಿಮ್ಮದೇ ಹಿಂದಿನ ವರ್ಷಗಳೊಂದಿಗೆ ಅಥವಾ ಅದೇ ಉದ್ಯಮದ ಬೇರೆ ಸಂಸ್ಥೆಗಳೊಂದಿಗೆ ಹೋಲಿಸಿ. ದಿನಸಿ ಮಾರುವ ಸಂಸ್ಥೆಗೂ ಉಕ್ಕು ತಯಾರಿಸುವ ಸಂಸ್ಥೆಗೂ ಒಂದೇ ಅಳತೆಗೋಲು ಹಿಡಿಯುವುದು ವ್ಯರ್ಥ.

ಹಂತ 9: ವೆಚ್ಚಗಳನ್ನು ಸ್ಥಿರ ಮತ್ತು ಬದಲಾಗುವ ಎಂದು ಬೇರ್ಪಡಿಸಿ

ಲಾಭ-ನಷ್ಟ ಪಟ್ಟಿ ಹೊರಗಿನವರಿಗಾಗಿ ಜೋಡಿಸಿದ್ದು. ತೀರ್ಮಾನ ಕೈಗೊಳ್ಳಲು ಅದನ್ನು ನೀವು ಮರುಜೋಡಿಸಬೇಕು. ಸರಕಿನ ವೆಚ್ಚ 780ರಲ್ಲಿ 720 ಕಚ್ಚಾವಸ್ತು, ಸಾಗಣೆಯಂತೆ ಉತ್ಪಾದನೆಯ ಜೊತೆಗೆ ಏರಿಳಿಯುವಂಥದ್ದು, 60 ಕಾರ್ಖಾನೆಯ ಸ್ಥಿರ ವೆಚ್ಚ ಎಂದಿಟ್ಟುಕೊಳ್ಳಿ. ಆಗ ಬದಲಾಗುವ ವೆಚ್ಚ 720, ಸ್ಥಿರ ವೆಚ್ಚ 60 + 260 + 40 = 360. ಮಾರಾಟದಿಂದ ಬದಲಾಗುವ ವೆಚ್ಚವನ್ನು ಕಳೆದು ಉಳಿಯುವ 480ಕ್ಕೆ ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ಅದು ಮಾರಾಟದ ಶೇ 40. ಸ್ಥಿರ ವೆಚ್ಚ 360ನ್ನು ಶೇ 40ರಿಂದ ಭಾಗಿಸಿದರೆ 900. ಕಂಪನಿ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲುವ ಬ್ರೇಕ್ ಈವನ್ ಮಾರಾಟ ಇದು.

ಈಗ ಎರಡು ಸನ್ನಿವೇಶಗಳನ್ನು ಲೆಕ್ಕ ಹಾಕೋಣ. ಬೆಲೆ ಹಾಗೆಯೇ ಇದ್ದು ಮಾರಾಟವಾಗುವ ಯಂತ್ರಗಳ ಸಂಖ್ಯೆ ಶೇ 10 ಇಳಿದರೆ ಕಾಂಟ್ರಿಬ್ಯೂಷನ್ 432 ಆಗುತ್ತದೆ, ಕಾರ್ಯಾಚರಣೆಯ ಲಾಭ 120ರಿಂದ 72ಕ್ಕೆ ಬೀಳುತ್ತದೆ. ಸಂಖ್ಯೆ ಅಷ್ಟೇ ಇದ್ದು ಎಲ್ಲರಿಗೂ ಶೇ 10 ರಿಯಾಯಿತಿ ಕೊಟ್ಟರೆ ಮಾರಾಟ 1,080 ಆಗುತ್ತದೆ, ಬದಲಾಗುವ ವೆಚ್ಚ 720 ಕದಲುವುದಿಲ್ಲ, ಉಳಿಯುವ 360 ಸ್ಥಿರ ವೆಚ್ಚಕ್ಕೇ ಸರಿಹೋಗುತ್ತದೆ. ಕಾರ್ಯಾಚರಣೆಯ ಲಾಭ ಸೊನ್ನೆ. "ಬರೇ ಹತ್ತು ಪರ್ಸೆಂಟ್ ತಾನೇ" ಎಂದು ಮಾರಾಟ ಸಭೆಯಲ್ಲಿ ಹೇಳುವ ಮಾತು ಈ ಕಂಪನಿಯ ಇಡೀ ವರ್ಷದ ಲಾಭಕ್ಕೆ ಸಮ.

ರಿಯಾಯಿತಿಯಿಂದ ಮಾರಾಟ ಹೆಚ್ಚುತ್ತದಲ್ಲ ಎಂಬ ವಾದ ಸಹಜ. ಎಷ್ಟು ಹೆಚ್ಚಬೇಕು ಎಂಬುದನ್ನೂ ಲೆಕ್ಕ ಹಾಕಿಯೇ ವಾದಿಸಬೇಕು. ಮೊದಲು 100ರ ಬೆಲೆಗೆ 40 ಉಳಿಯುತ್ತಿತ್ತು, ಈಗ 90ರ ಬೆಲೆಗೆ 30 ಉಳಿಯುತ್ತದೆ. ಹಳೆಯ ಲಾಭಕ್ಕೆ ಮರಳಲು ಮೂರನೇ ಒಂದರಷ್ಟು ಹೆಚ್ಚು ಯಂತ್ರಗಳನ್ನು ಮಾರಬೇಕು. ಅದನ್ನು ಸಾಧಿಸಿದರೂ ಕಥೆ ಮುಗಿಯಲಿಲ್ಲ. ಮಾರಾಟ 1,440 ಆಗಿ ವಸೂಲಿಯ ದಿನಗಳು ಅಷ್ಟೇ ಉಳಿದರೆ ಗಿರಾಕಿಗಳ ಬಾಕಿ 60 ಏರುತ್ತದೆ, ದಾಸ್ತಾನು ಅದೇ ಪ್ರಮಾಣದಲ್ಲಿ ಬೆಳೆದರೆ 65 ಏರುತ್ತದೆ, ಪೂರೈಕೆದಾರರಿಂದ ಸುಮಾರು 43 ಹೆಚ್ಚು ಉದ್ದರಿ ಸಿಕ್ಕೀತು. ಮೊದಲಿನಷ್ಟೇ ಲಾಭ ಗಳಿಸಲು 82 ಲಕ್ಷ ನಗದನ್ನು ಕಟ್ಟಿಹಾಕಿದಂತಾಯಿತು, ಬ್ಯಾಂಕಿನಲ್ಲಿ ಇರುವುದು 30. ಒಂದು ರಿಯಾಯಿತಿ ಮೂರೂ ಪಟ್ಟಿಗಳಲ್ಲಿ ಹೇಗೆ ಹಾದುಹೋಗುತ್ತದೆ ಎಂದು ಹೀಗೆ ಕೊನೆಯವರೆಗೂ ಬೆನ್ನಟ್ಟಬೇಕು.

ಎಚ್ಚರಿಕೆಯೊಂದಿದೆ. ಸ್ಥಿರ ಎಂಬುದು ಒಂದು ಮಿತಿಯೊಳಗೆ ಮಾತ್ರ ಸ್ಥಿರ. ಮಾರಾಟ ಮೂರನೇ ಒಂದರಷ್ಟು ಬೆಳೆದರೆ ಇನ್ನೊಂದು ಪಾಳಿ, ಇನ್ನೊಂದು ಗೋದಾಮು ಬೇಕಾಗಬಹುದು. ಆಗ 360 ಎಂಬುದು ಒಮ್ಮೆಲೇ ಜಿಗಿಯುತ್ತದೆ.

ಹಂತ 10: ಬಜೆಟ್ ಹೋಲಿಕೆಯನ್ನು ನ್ಯಾಯವಾಗಿ ಮಾಡಿ

ಬಜೆಟ್‌ನಲ್ಲಿ 10,000 ಘಟಕಗಳಿಗೆ ಕಚ್ಚಾವಸ್ತು 200 ಲಕ್ಷ ಎಂದಿತ್ತು, ವಾಸ್ತವವಾಗಿ 228 ಖರ್ಚಾಯಿತು. ವರದಿಯಲ್ಲಿ 28 ಕೆಂಪು ಬಣ್ಣದಲ್ಲಿ ಕಾಣುತ್ತದೆ. ಆದರೆ ತಯಾರಾದದ್ದು 12,000 ಘಟಕ; ಅಷ್ಟಕ್ಕೆ ಬಜೆಟ್ ದರದಲ್ಲಿ 240 ಆಗಬೇಕಿತ್ತು. ವಿಭಾಗ 12 ಉಳಿಸಿದೆ. ಬದಲಾಗುವ ವೆಚ್ಚಗಳನ್ನು ಯಾವಾಗಲೂ ವಾಸ್ತವ ಉತ್ಪಾದನೆಗೆ ಹೊಂದಿಸಿದ ಬಜೆಟ್‌ನೊಂದಿಗೇ ಹೋಲಿಸಿ. ಅದಾದ ಮೇಲೆ ವ್ಯತ್ಯಾಸವನ್ನು ಬೆಲೆಯಿಂದ ಬಂದದ್ದು, ಬಳಕೆಯ ಪ್ರಮಾಣದಿಂದ ಬಂದದ್ದು ಎಂದು ಒಡೆಯಿರಿ. ಅಗ್ಗದ ವಸ್ತು ಕೊಂಡು ಖರೀದಿ ವಿಭಾಗ ಹೊಗಳಿಕೆ ಪಡೆದು, ಅದೇ ವಸ್ತು ಹೆಚ್ಚು ಹಾಳಾಗಿ ಉತ್ಪಾದನಾ ವಿಭಾಗ ಬೈಸಿಕೊಳ್ಳುವ ಪ್ರಸಂಗ ಅಪರೂಪವೇನಲ್ಲ.

ಹಂತ 11: ಹೂಡಿಕೆಯ ಪ್ರಸ್ತಾವವನ್ನು ಕಾಲದ ಬೆಲೆ ಸೇರಿಸಿ ತೂಗಿ

100 ಲಕ್ಷದ ಯಂತ್ರವೊಂದು ಐದು ವರ್ಷ ಪ್ರತಿ ವರ್ಷದ ಕೊನೆಗೆ 30 ನಗದು ಉಳಿಸುತ್ತದೆ ಎಂದಿಟ್ಟುಕೊಳ್ಳಿ. ಹಾಕಿದ ಹಣ ನಾಲ್ಕನೇ ವರ್ಷದ ಕೊನೆಗೆ ಪೂರ್ತಿ ವಾಪಸಾಗುತ್ತದೆ, ಒಟ್ಟು 150 ಬರುತ್ತದೆ. ಆದರೆ ಐದನೇ ವರ್ಷದ 30 ಇಂದಿನ 30 ಅಲ್ಲ. ಸಂಸ್ಥೆಯ ಬಂಡವಾಳದ ವೆಚ್ಚ (ಸಾಲ ಕೊಟ್ಟವರೂ ಮಾಲೀಕರೂ ತಮ್ಮ ಹಣಕ್ಕೆ ವರ್ಷಕ್ಕೆ ನಿರೀಕ್ಷಿಸುವ ಪ್ರತಿಫಲ) ಶೇ 12 ಆದರೆ, ಪ್ರತಿ ಕಂತನ್ನೂ ಅದಕ್ಕಾಗಿ ಕಾಯುವ ಒಂದೊಂದು ವರ್ಷಕ್ಕೆ ಒಮ್ಮೆಯಂತೆ 1.12ರಿಂದ ಭಾಗಿಸಿ ಕೂಡಿಸಿದಾಗ ಆ ಐದು ಕಂತುಗಳ ಇಂದಿನ ಮೌಲ್ಯ 108.1, ಹೂಡಿಕೆ ಕಳೆದರೆ ನಿವ್ವಳ ಪ್ರಸ್ತುತ ಮೌಲ್ಯ 8.1. ಪ್ರಸ್ತಾವ ಪಾಸಾಯಿತು. ಯಂತ್ರ ಕೂಡಿಸಿ ಚಾಲೂ ಮಾಡುವುದು ಒಂದು ವರ್ಷ ತಡವಾದರೆ ಅದೇ ಕಂತುಗಳ ಮೌಲ್ಯ 96.6ಕ್ಕೆ ಇಳಿಯುತ್ತದೆ, ಪ್ರಸ್ತಾವ ನಷ್ಟದ್ದಾಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ದರವನ್ನು ದಶಾಂಶದ ಮಟ್ಟದಲ್ಲಿ ತಿದ್ದುವುದಕ್ಕಿಂತ, ಕೆಲಸ ಹೇಳಿದ ದಿನಕ್ಕೆ ಆರಂಭವಾಗುತ್ತದೆಯೇ ಎಂದು ವಿಚಾರಿಸುವುದು ಎಷ್ಟೋ ಮೇಲು.

ಲೆಕ್ಕದಲ್ಲಿ ಈ ತೀರ್ಮಾನದಿಂದ ಬದಲಾಗುವ ನಗದು ಮಾತ್ರ ಇರಲಿ. ಈಗಾಗಲೇ ಖರ್ಚಾದ ಅಧ್ಯಯನ ಶುಲ್ಕ, ಹೇಗೂ ಕೊಡಬೇಕಾದ ಕಚೇರಿ ಬಾಡಿಗೆಯ ಪಾಲು, ಸವಕಳಿ ಇವು ಬೇಡ (ಸವಕಳಿಯಿಂದ ಉಳಿಯುವ ತೆರಿಗೆ ಇದ್ದರೆ ಅದು ಬೇಕು). ಹೊಸ ಯಂತ್ರಕ್ಕೆ ಬೇಕಾಗುವ ಹೆಚ್ಚಿನ ದಾಸ್ತಾನು ಮತ್ತು ತರಬೇತಿಯ ಖರ್ಚನ್ನು ಪ್ರಸ್ತಾವ ಬರೆಯುವವರು ಮರೆಯುವುದೇ ಹೆಚ್ಚು.

ಹಂತ 12: ತಿಂಗಳಿಗೊಮ್ಮೆ ಅರ್ಧ ಗಂಟೆ ಮೀಸಲಿಡಿ

ತಿಂಗಳ ಲೆಕ್ಕ ಮುಗಿದ ಕೂಡಲೇ ಲೆಕ್ಕಪತ್ರ ವಿಭಾಗದ ಒಬ್ಬರೊಂದಿಗೆ ಕುಳಿತುಕೊಳ್ಳಿ. ಒಟ್ಟು ಲಾಭದ ಶೇಕಡಾವಾರು ಎಷ್ಟು ಸರಿಯಿತು, ಕಾರಣವೇನು? 60 ದಿನ ದಾಟಿದ ಬಾಕಿಗಳು ಯಾವುವು, ಅವುಗಳಲ್ಲಿ ನಮ್ಮದೇ ತಪ್ಪಿನಿಂದ ನಿಂತವು ಯಾವುವು? ಆರು ತಿಂಗಳಿಂದ ಅಲುಗಾಡದ ದಾಸ್ತಾನು ಎಷ್ಟು? ಈ ತಿಂಗಳ ಅಂಕಿಗಳಲ್ಲಿ ಅಂದಾಜಿನಿಂದ ಬಂದ ದೊಡ್ಡ ಮೊತ್ತ ಯಾವುದು, ಅಂದಾಜು ತಪ್ಪಿದರೆ ಲಾಭ ಎಷ್ಟು ಬದಲಾಗುತ್ತದೆ? ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೆ ಅದಕ್ಕೆ ಸಿಗುವ ಉತ್ತರವೇ ಬಹಳ ಸಲ ಉಳಿದ ಮೂರಕ್ಕಿಂತ ಹೆಚ್ಚು ತಿಳಿಸುತ್ತದೆ. ಉತ್ತರ ಅರ್ಥವಾಗದಿದ್ದರೆ ತಲೆಯಾಡಿಸದೆ ಮತ್ತೊಮ್ಮೆ ಕೇಳಿ, ಆ ನಮೂದಿನ ಎರಡೂ ಬದಿಗಳನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ವರದಿಯನ್ನೂ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ನಿಮ್ಮ ವಿಭಾಗಕ್ಕೆ ಸಂಬಂಧಿಸಿದ ಭಾಗವನ್ನೂ ಓದಿ, ಮುಖ್ಯವಾಗಿ ಆದಾಯ ಗುರುತಿಸುವ ನೀತಿ, ವ್ಯಾಜ್ಯಗಳಿಂದ ಬರಬಹುದಾದ ಹೊಣೆ ಮತ್ತು ದಾಸ್ತಾನಿನ ಮೌಲ್ಯ ಕಟ್ಟುವ ಕ್ರಮ. ಹಿಂದಿನ ವರ್ಷಕ್ಕಿಂತ ಯಾವ ವಾಕ್ಯ ಬದಲಾಗಿದೆ ಎಂದು ಹೋಲಿಸಿ ನೋಡಿ, ಬದಲಾದ ಕಡೆ ಗುರುತು ಹಾಕಿ ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ.